ಯಲ್ಲಮ್ಮ ಬೀಗ ಒಡೆದ ಮನೆ

ನಾನು ಆ ಶಾಲೆಗೆ ವರ್ಗವಾಗಿ ಬಂದ ವರ್ಷವೇ ಯಲ್ಲಮ್ಮನೂ ಬಿಸಿಯೂಟದ ಅಡುಗೆಗೆ ಸೇರಿದಳು. ಆಗ ಅವಳ ಮನೆ ದುರ್ಗಿಗುಡಿಯ ಹಿಂದಿನ ಒಂದು ಓಣಿಯಲ್ಲಿತ್ತು. ಮನೆ ಅಂದರೆ ಒಂದು ಕೋಣೆ, ಅದರ ಮೂಲೆಯಲ್ಲೇ ಒಲೆ, ಹೊರಗೆ ಐದು ಸಂಸಾರಕ್ಕೆ ಸೇರಿ ಒಂದು ಕಕ್ಕಸು. ಆಮೇಲಿನ ಹದಿನಾಲ್ಕು ವರ್ಷದಲ್ಲಿ ಅವಳು ಏಳು ಮನೆ ಬದಲಾಯಿಸಿದಳು. ಒಂದು ಕಡೆ ಓನರ್ ಮಗನಿಗೆ ಮದುವೆ ಆಯಿತು, ರೂಮು ಬೇಕಾಯಿತು. ಇನ್ನೊಂದು ಕಡೆ ಹಳೆ ಮನೆ ಕೆಡವಿ ಕಾಂಪ್ಲೆಕ್ಸ್ ಎಬ್ಬಿಸಿದರು. ಸವಳಂಗ ರಸ್ತೆಯ ಮನೆಯಲ್ಲಿದ್ದಾಗ ಮೀನು ಹುರಿದ ವಾಸನೆ ಮಹಡಿಗೆ ಹೋಗುತ್ತೆ ಅಂತ ತಕರಾರಾಯಿತು. ಹೊಸ ಮನೆ ಹುಡುಕಲು ಹೋದಲ್ಲೆಲ್ಲ "ಯಾವ ಜನ ನೀವು?" ಅನ್ನುವುದೇ ಮೊದಲ ಪ್ರಶ್ನೆ. ಉತ್ತರ ಕೇಳಿದ ಮೇಲೆ, ಖಾಲಿ ಇದ್ದ ಮನೆ ನಿನ್ನೆಯಷ್ಟೇ ಬೇರೆಯವರಿಗೆ ಮಾತಾಗಿರುತ್ತಿತ್ತು.

"ಸಾಮಾನು ಕಟ್ಟೋದು ನಂಗೀಗ ಎರಡು ಗಂಟೆ ಕೆಲಸ ಮೇಡಂ. ಬೇಕಿಲ್ಲದ್ದು ಏನೂ ಇಟ್ಕೊಂಡಿಲ್ಲ," ಅನ್ನುತ್ತಿದ್ದಳು.

ಅವಳು ಹುಟ್ಟಿ ಬೆಳೆದಿದ್ದು ಭದ್ರಾವತಿಯಲ್ಲಿ. ಅಪ್ಪ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೂಲಿ. ಯಾರದೋ ಹೆಸರಿನ ಕ್ವಾರ್ಟರ್ಸಿನ ಹಿಂಭಾಗದಲ್ಲಿ ಶೀಟು ಹಾಕಿಕೊಂಡು ಇದ್ದವರು. ಅಕ್ಕಪಕ್ಕದಲ್ಲಿ ತಮಿಳರು, ತೆಲುಗರು. ಹಾಗಾಗಿ ಯಲ್ಲಮ್ಮನಿಗೆ ತಮಿಳು ಕನ್ನಡದಷ್ಟೇ ಸಲೀಸು. ಗಂಡ ಹುಲಿಯಪ್ಪ ಶಿವಮೊಗ್ಗದವನು. ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಎತ್ತರದ ಆಳು, ಮಾತು ಕಡಿಮೆ. ಒಬ್ಬಳೇ ಮಗಳು ಕವನ. ಪಿಯುಸಿ ಮುಗಿಸಿ ಬಟ್ಟೆ ಅಂಗಡಿಯೊಂದಕ್ಕೆ ಸೇರಿದ್ದಳು.

ಸರ್ಕಾರದ ಮನೆಗೆ ಅರ್ಜಿ ತುಂಬಿಕೊಟ್ಟವಳು ನಾನೇ. ಸ್ಟಾಫ್ ರೂಮಿನಲ್ಲಿ ಕೂತು ಜಾತಿ, ಆದಾಯ, ಆಧಾರ್ ಎಲ್ಲ ಲಗತ್ತಿಸಿ ಕೊಟ್ಟಿದ್ದೆ. ನಾಲ್ಕು ವರ್ಷದ ಮೇಲೆ ಅವಳ ಹೆಸರಿಗೆ ಮಂಜೂರಾತಿ ಪತ್ರ ಬಂತು. ಅದನ್ನು ಲ್ಯಾಮಿನೇಷನ್ ಮಾಡಿಸಿ ಶಾಲೆಗೆ ತಂದು ಎಲ್ಲ ಟೀಚರುಗಳಿಗೂ ತೋರಿಸಿದಳು. ಹೆಸರಿತ್ತು, ಫೋಟೋ ಇತ್ತು, ಮೊಹರಿತ್ತು. ಮನೆ ನಂಬರ್ ಅಂತ ಇದ್ದ ಜಾಗ ಮಾತ್ರ ಖಾಲಿ. ಕಟ್ಟಡ ಮುಗಿದ ಮೇಲೆ ಲಾಟರಿ ಎತ್ತಿ ನಂಬರ್ ಕೊಡುತ್ತಾರೆ ಅಂದಿದ್ದರಂತೆ.

ಕಟ್ಟಡಗಳು ಊರಿನಿಂದ ಬಹಳ ಆಚೆ ಇದ್ದವು. ಬಸ್ಸಿಳಿದು ಮುಕ್ಕಾಲು ಗಂಟೆ ನಡೆಯಬೇಕು. ಯಲ್ಲಮ್ಮ ಎರಡು ತಿಂಗಳಿಗೊಂದು ಭಾನುವಾರ ಹೋಗಿ ನೋಡಿಕೊಂಡು ಬರುತ್ತಿದ್ದಳು. ಸೋಮವಾರ ನನಗೆ ವರದಿ. "ಕಿಟಕಿ ಕೂರಿಸಿದ್ರು ಮೇಡಂ." "ಬಾಗಿಲು ಬಂತು ಮೇಡಂ." ಆಮೇಲೆ ವರದಿ ನಿಂತಿತು. ಬಾಗಿಲಿಗೆಲ್ಲ ಬೀಗ ಹಾಕಿ ಕೆಲಸದವರು ಹೊರಟುಹೋಗಿದ್ದರು. ಯಾಕೆ ಅಂತ ಕೇಳಿದರೆ ಕಚೇರಿಯಲ್ಲಿ ಒಬ್ಬರು ನೀರಿನ ಲೈನ್ ಅನ್ನುತ್ತಿದ್ದರು, ಇನ್ನೊಬ್ಬರು ಕರೆಂಟು ಅನ್ನುತ್ತಿದ್ದರು. ಹೀಗೆ ಎರಡು ವರ್ಷ ಕಳೆಯಿತು.

ಅಷ್ಟರಲ್ಲಿ ಹುಲಿಯಪ್ಪನ ಬಾಯಲ್ಲಿ ಹುಣ್ಣಾಯಿತು. ಇಪ್ಪತ್ತೈದು ವರ್ಷ ಗುಟ್ಕಾ ಅಗಿದ ಬಾಯಿ. ಮಾತ್ರೆಯಲ್ಲಿ ವಾಸಿಯಾಗುತ್ತೆ ಅಂತ ಆರು ತಿಂಗಳು ತಳ್ಳಿದರು. ಆಮೇಲೆ ಕ್ಯಾನ್ಸರ್ ಅಂತ ಗೊತ್ತಾಗಿ ಆಪರೇಷನ್ ಆಯಿತು, ರೇಡಿಯೇಷನ್ ಕರೆಂಟ್ ಕೊಡಿಸಿದ್ದೂ ಆಯಿತು. ಕೆನ್ನೆಯ ಅರ್ಧ ಭಾಗ ಹೋಯಿತು, ಮಾತು ಪೂರ್ತಿ ಹೋಯಿತು. ಮುಂದಿನ ವರ್ಷ ಅದು ಕುತ್ತಿಗೆಗೆ ಇಳಿಯಿತು. ಡಾಕ್ಟರು ಯಲ್ಲಮ್ಮನನ್ನು ಪಕ್ಕಕ್ಕೆ ಕರೆದು, "ಇನ್ನು ಇಲ್ಲಿಟ್ಟುಕೊಂಡು ಪ್ರಯೋಜನ ಇಲ್ಲಮ್ಮ. ಹದಿನೈದಿಪ್ಪತ್ತು ದಿನ ಇರಬಹುದು. ಮನೆಗೆ ಕರ್ಕೊಂಡು ಹೋಗಿ," ಅಂದರು.

ಆಗ ಅವರಿದ್ದದ್ದು ಗೋಪಾಳದಲ್ಲಿ, ವೀರಪ್ಪನವರ ಮನೆಯ ಹಿಂದಿನ ರೂಮಿನಲ್ಲಿ. ವೀರಪ್ಪನವರು ಕೆಟ್ಟವರಲ್ಲ. ಬ್ಯಾಂಕಿನಿಂದ ನಿವೃತ್ತರಾದವರು. ಹುಲಿಯಪ್ಪನ ಆಪರೇಷನ್ನಿಗೆ ರಕ್ತ ಬೇಕಾದಾಗ ತಮ್ಮ ಮಗನನ್ನೇ ಕಳಿಸಿದ್ದರು. ಆದರೆ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಿದ್ದಾರೆ ಅಂತ ಗೊತ್ತಾದ ದಿನ ಗೇಟಿನ ಹತ್ತಿರವೇ ನಿಂತಿದ್ದರು.

"ಯಲ್ಲಮ್ಮ, ಹೇಳೋಕೆ ನಂಗೇ ನಾಚಿಕೆ ಆಗುತ್ತೆ. ಮೇಲೆ ಮಗಳು ಬಾಣಂತನಕ್ಕೆ ಬಂದಿದಾಳೆ, ಹಸುಗೂಸಿದೆ. ಹೆಚ್ಚುಕಮ್ಮಿ ಆಗಿ, ಅದೂ ಧನಿಷ್ಠಾ ಪಂಚಕ ಅಂತ ಏನಾದ್ರೂ ಬಂದ್ರೆ ಆರು ತಿಂಗಳು ಮನೆ ಮುಚ್ಚಬೇಕಾಗುತ್ತೆ. ನೀನೂ ಕವನಾನೂ ಎಷ್ಟು ವರ್ಷ ಬೇಕಾದ್ರೂ ಇರಿ. ಅವನ್ನ ಮಾತ್ರ ಬೇರೆ ಎಲ್ಲಾದ್ರೂ ಇಟ್ಕೊಳ್ಳಿ."

"ಎಲ್ಲಿ ಇಟ್ಕೊಳ್ಳಲಿ ಸಾರ್? ಸಾಮಾನಾ ಅವರು?" ಅಂದಳಂತೆ ಯಲ್ಲಮ್ಮ. ವೀರಪ್ಪನವರು ತಲೆ ತಗ್ಗಿಸಿ ಒಳಗೆ ಹೋದರಂತೆ.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಮಾರನೇ ದಿನ, ಮಕ್ಕಳ ಊಟ ಮುಗಿದ ಮೇಲೆ, ಸಾರಿನ ಪಾತ್ರೆ ಉಜ್ಜುತ್ತಾ. ಗಂಡನನ್ನು ಇನ್ನೆರಡು ದಿನ ವಾರ್ಡಿನಲ್ಲೇ ಇಟ್ಟುಕೊಳ್ಳಿ ಅಂತ ನರ್ಸಿನ ಕಾಲು ಹಿಡಿದು ಬಂದಿದ್ದಳು. ಹೇಳಿ ಮುಗಿಸಿ, ತಲೆ ಎತ್ತದೆ ಕೇಳಿದಳು.

"ಮೇಡಂ, ನಿಮ್ಮನೆ ಟೆರೇಸ್ ಮೇಲೆ ಒಂದು ರೂಮಿದೆಯಲ್ಲ. ಹದಿನೈದು ದಿನ ಅಷ್ಟೆ. ಮೆಟ್ಟಿಲು ಹೊರಗಡೆಯಿಂದಾನೇ ಇದೆ. ನಿಮಗೆ ಗೊತ್ತೇ ಆಗಲ್ಲ."

ಆ ರೂಮಿನಲ್ಲಿ ಇದ್ದದ್ದು ಹಳೆ ಹಾಸಿಗೆ, ಮಗನ ಸೈಕಲ್ಲು, ಅಟ್ಟಕ್ಕೆ ಹೋಗಬೇಕಾದ ನಾಲ್ಕು ಡಬ್ಬ. "ನಮ್ಮ ಮನೆಯವರನ್ನ ಕೇಳ್ತೀನಿ ಯಲ್ಲಮ್ಮ," ಅಂದೆ. ಮನೆಗೆ ಹೋಗಿ ಗಂಡ ಮಲ್ಲೇಶರ ಮುಂದೆ ಆ ವಿಷಯ ಎತ್ತಲೇ ಇಲ್ಲ. ಎತ್ತಿದ್ದರೆ ಅವರು ಹೂಂ ಅನ್ನುತ್ತಿದ್ದರೇನೋ. ಆ ಹೆದರಿಕೆಯೂ ನನಗೆ ಇತ್ತು ಅಂತ ಈಗ ಅನ್ನಿಸುತ್ತದೆ. ಮಾರನೇ ದಿನ, "ಅತ್ತೆ ಒಪ್ಪಲ್ಲ ಯಲ್ಲಮ್ಮ, ಹಳೆ ಕಾಲದವರು," ಅಂದೆ. ಅತ್ತೆ ಆ ವಾರ ತೀರ್ಥಹಳ್ಳಿಯಲ್ಲಿ ನಾದಿನಿ ಮನೆಯಲ್ಲಿದ್ದರು.

"ಆಯ್ತು ಬಿಡಿ ಮೇಡಂ," ಅಂದಳು. ಪಾತ್ರೆ ಎತ್ತಿಡುತ್ತಾ, "ನಾಳೆ ಬೇಳೆ ಎಷ್ಟು ಹಾಕ್ಲಿ? ಮಕ್ಕಳು ಕಮ್ಮಿ ಬರ್ತಾರಲ್ಲ ನಾಳೆ?" ಅಂತ ಕೇಳಿದಳು.

ಅವಳ ಓಣಿಯಲ್ಲಿ ಧರ್ಮೇಂದ್ರ ಅಂತ ಒಬ್ಬ ಲಗೇಜ್ ಆಟೋ ಓಡಿಸುತ್ತಾನೆ. ಅವನ ಗಾಡಿಯಲ್ಲಿ ಹಾಸಿಗೆ ಹಾಸಿ ಹುಲಿಯಪ್ಪನನ್ನು ಭದ್ರಾವತಿಗೆ ಕರೆದುಕೊಂಡು ಹೋದರು. ಅಲ್ಲಿ ಯಲ್ಲಮ್ಮನ ಅಣ್ಣ ಮೂರ್ತಪ್ಪ ಇದ್ದ. ಅವನಿದ್ದ ಕ್ವಾರ್ಟರ್ಸು ನಿವೃತ್ತಿಯಾಗಿ ಊರಿಗೆ ಹೋದ ಒಬ್ಬರು ಕಾರ್ಮಿಕರ ಹೆಸರಿನಲ್ಲಿತ್ತು. ಅವರ ಹೆಸರಿನಲ್ಲೇ ಮೂರ್ತಪ್ಪನ ಸಂಸಾರ ಒಳಗಿತ್ತು. ತಾರಸಿಯ ಗಾರೆ ಉದುರಿ ಕಂಬಿ ಕಾಣುತ್ತಿದ್ದ ಮನೆ. ಅಡುಗೆಮನೆಯ ಭಾಗ ಕುಸಿಯುತ್ತೆ ಅಂತ ಒಲೆಯನ್ನು ವರಾಂಡಕ್ಕೆ ತಂದಿದ್ದರು. ಆರು ಜನ ಮಲಗುವ ಕೋಣೆಯಲ್ಲಿ ಹುಲಿಯಪ್ಪನಿಗೆ ಗೋಡೆ ಪಕ್ಕ ಜಾಗ ಮಾಡಿದರು.

ಮೂರು ದಿನ ಹೇಗೋ ಆಯಿತು. ಪಕ್ಕದ ಮನೆಯ ತಮಿಳು ಅಜ್ಜಿ ದಿನಾ ನೀರು ಗಂಜಿ ತಂದು ಕೊಡುತ್ತಿದ್ದಳು. ನಾಲ್ಕನೇ ದಿನ ಬೆಳಿಗ್ಗೆ ಮೂರ್ತಪ್ಪ ತಂಗಿಯನ್ನು ನಲ್ಲಿಯ ಹತ್ತಿರ ಕರೆದ.

"ಯಲ್ಲೀ, ಭಾವ ನಂಗೆ ಭಾರ ಅಂತಲ್ಲ. ಹೆಣ ಹೊರಟ್ರೆ ಜನ ಸೇರ್ತಾರೆ. ಸರ್ಟಿಫಿಕೇಟಿಗೆ ವಿಳಾಸ ಕೇಳ್ತಾರೆ. ಯಾರ ಮನೆ, ಯಾರಿದಾರೆ ಒಳಗೆ ಅಂತ ಶುರು ಆಗುತ್ತೆ. ಇಲ್ಲಿ ಎಲ್ರಿಗೂ ಖಾಲಿ ಮಾಡಿ ಅಂತ ನೋಟೀಸ್ ಬರ್ತಾ ಇದೆ. ನಾಳೆ ನಾವು ಆರು ಜನ ಎಲ್ಲಿಗೆ ಹೋಗೋದು ಹೇಳು."

ಯಲ್ಲಮ್ಮ ಅಣ್ಣನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಧರ್ಮೇಂದ್ರನಿಗೆ ಫೋನು ಮಾಡಿದಳು. ಗಾಡಿ ಶಿವಮೊಗ್ಗ ಸೇರಿದಾಗ ಅವನು ಗೋಪಾಳದ ಕಡೆ ತಿರುಗಿಸಲು ಹೋದ.

"ಅಲ್ಲಿಗಲ್ಲ. ನಮ್ಮನೆಗೆ ಹೋಗು," ಅಂದಳು.

"ಯಾವ ನಿಮ್ಮನೆ ಅಕ್ಕ?"

"ಸರ್ಕಾರ ಕೊಟ್ಟಿದ್ದು."

ಸಾಲಾಗಿ ನಿಂತ ಕಟ್ಟಡಗಳ ಮಧ್ಯೆ ಆಳೆತ್ತರ ಹುಲ್ಲು ಬೆಳೆದಿತ್ತು. ಗಾಡಿ ಮೊದಲ ಕಟ್ಟಡದವರೆಗೆ ಮಾತ್ರ ಹೋಯಿತು. "ಇದರಲ್ಲಿ ನಿಮ್ದು ಯಾವ್ದು?" ಅಂತ ಧರ್ಮೇಂದ್ರ ಕೇಳಿದ. "ಯಾವ್ದೋ ಒಂದು," ಅಂದಳು ಯಲ್ಲಮ್ಮ. ನೆಲಮಹಡಿಯ ಎಡಗಡೆ ಮನೆಯ ಮುಂದೆ ನಿಂತು ಬೀಗವನ್ನು ಒಮ್ಮೆ ಎಳೆದು ನೋಡಿದಳು. ಧರ್ಮೇಂದ್ರ ಹಿಂದೆ ಮುಂದೆ ನೋಡಿದ. ಕೊನೆಗೆ ಜಾಕಿನ ಕಂಬಿ ತಂದುಕೊಟ್ಟ. "ನಾನು ಹೊಡೆಯಲ್ಲ ಅಕ್ಕ, ನಂಗೆ ಹೆಂಡ್ತಿ ಮಕ್ಕಳಿದಾರೆ," ಅಂದ. ಯಲ್ಲಮ್ಮನೇ ಹೊಡೆದಳು. ಬೀಗಕ್ಕೆ ತುಕ್ಕು ಹಿಡಿದಿತ್ತು. ನಾಲ್ಕನೇ ಏಟಿಗೆ ಚಿಲಕದ ಸಮೇತ ಕಿತ್ತು ಬಂತು.

ಒಂದು ಹಾಲು, ಒಂದು ರೂಮು, ಅಡುಗೆಗೆ ಕಡಪ ಕಲ್ಲಿನ ಕಟ್ಟೆ. ಕಕ್ಕಸಿಗೆ ಬೇಸಿನ್ ಕೂರಿಸಿದ್ದರು, ನೀರಿರಲಿಲ್ಲ. ಗೋಡೆಯಿಂದ ವೈರುಗಳು ಜೋತಾಡುತ್ತಿದ್ದವು, ಬಲ್ಬಿರಲಿಲ್ಲ. ಇಲಿ ಹಿಕ್ಕೆ ಗುಡಿಸಿ, ಹಾಲಿನಲ್ಲೇ ಕಿಟಕಿ ಕೆಳಗೆ ಚಾಪೆ ಹಾಸಿ ಹುಲಿಯಪ್ಪನನ್ನು ಮಲಗಿಸಿದರು. ಅರ್ಧ ಮೈಲಿ ದೂರದಲ್ಲಿ ಪಂಕ್ಚರ್ ಅಂಗಡಿಯವನ ಬೋರ್‌ವೆಲ್ ಇತ್ತು. ಕವನ ದಿನಾ ಬೆಳಿಗ್ಗೆ ಸೈಕಲ್ಲಿಗೆ ಎರಡೆರಡು ಕ್ಯಾನು ಕಟ್ಟಿಕೊಂಡು ಮೂರು ಸಲ ಓಡಾಡಿ ನೀರು ತುಂಬಿಟ್ಟು, ಬಸ್ಸು ಹಿಡಿದು ಅಂಗಡಿಗೆ ಹೋಗುತ್ತಿದ್ದಳು. ಯಲ್ಲಮ್ಮ ಶಾಲೆಗೆ ರಜೆ ಹಾಕಿದಳು.

ನಾನು ಮೊದಲ ಭಾನುವಾರ ಎಳನೀರು ತಗೊಂಡು ಹೋದೆ. ಬಾಗಿಲಲ್ಲೇ ವಾಸನೆ ತಡೆದು ನಿಲ್ಲಿಸಿತು. ಹುಲಿಯಪ್ಪ ನನ್ನ ನೋಡಿ ಕೈ ಎತ್ತಿ ನಮಸ್ಕಾರ ಮಾಡಿದ. ಆಮೇಲೆ ಅದೇ ಕೈಯನ್ನು ಪಕ್ಕದ ಗೋಡೆಗೆ ಇಟ್ಟು ಹೆಬ್ಬೆರಳಿನಿಂದ ಉಜ್ಜಿದ. ಗಾರೆ ಪುಡಿಪುಡಿಯಾಗಿ ಹಾಸಿಗೆ ಮೇಲೆ ಉದುರಿತು. ಅದನ್ನು ಬೆರಳಲ್ಲಿ ಹಿಡಿದು ನನಗೆ ತೋರಿಸಿ ಏನೋ ಸನ್ನೆ ಮಾಡಿದ.

"ಬರೀ ಮರಳು, ಸಿಮೆಂಟ್ ಹಾಕೇ ಇಲ್ಲ ಅಂತಾರೆ," ಅಂದಳು ಯಲ್ಲಮ್ಮ. "ಬಂದಾಗಿಂದ ಇದೇ. ಗೋಡೆ ನೋಡೋದು, ಸನ್ನೇಲೇ ಬೈಯೋದು. ಸುಮ್ನೆ ಮಲ್ಕೊಳ್ಳಿ ಮಾರಾಯ್ರೆ ಅಂದ್ರೆ ಕೇಳಲ್ಲ."

ಅವನ ಕಣ್ಣಲ್ಲಿ ನಗೆಯ ಹಾಗೇನೋ ಬಂತು. ಇಪ್ಪತ್ತೈದು ವರ್ಷ ಪರರ ಗೋಡೆ ಕೆರೆದು ಪುಟ್ಟಿ ಬಳಿದವನಿಗೆ ಇದೊಂದು ಗೋಡೆಯ ಬಗ್ಗೆ ಮಾತಾಡುವ ಹಕ್ಕು ಸಿಕ್ಕಿತ್ತು.

ಹತ್ತನೇ ದಿನ ಕಚೇರಿಯಿಂದ ಯೋಗೇಶ್ ಅನ್ನುವ ಕಿರಿಯ ಎಂಜಿನಿಯರು ಇಬ್ಬರು ಆಳುಗಳನ್ನೂ ಒಂದು ಹೊಸ ಬೀಗವನ್ನೂ ತಗೊಂಡು ಬಂದ. ಅವತ್ತು ನಡೆದದ್ದನ್ನು ಯಲ್ಲಮ್ಮ ನನಗೆ ಆಮೇಲೆ ಹೇಳಿದಳು.

"ಅಮ್ಮಾ, ಇನ್ನೂ ಹಸ್ತಾಂತರ ಆಗಿಲ್ಲ. ಬೀಗ ಒಡೆದು ಬಂದ್ರೆ ಅದು ಅತಿಕ್ರಮಣ. ನಾವು ಪೊಲೀಸಿಗೆ ಕೊಡಬೇಕಾಗುತ್ತೆ."

ಯಲ್ಲಮ್ಮ ಪತ್ರ ತಂದು ತೋರಿಸಿದಳು. "ನನ್ನ ಹೆಸರೇ ತಾನೆ ಇದು?"

"ಹೆಸರಿದೆ. ಮನೆ ನಂಬರ್ ಇಲ್ಲ."

"ನಂಬರ್ ಯಾವಾಗ ಕೊಡ್ತೀರಿ?"

"ಅದು ಮೇಲಿಂದ ಬರಬೇಕು."

"ಇವರಿಗೆ ಅಷ್ಟು ದಿನ ಇಲ್ಲ ಸಾರ್. ಒಳಗೆ ಬಂದು ನೋಡಿ."

ಯೋಗೇಶ್ ಒಳಗೆ ಬಂದವನು ಅರ್ಧ ನಿಮಿಷದಲ್ಲಿ ಕರ್ಚೀಫು ಮೂಗಿಗೆ ಹಿಡಿದು ಹೊರಗೆ ಹೋದ. ಆಮೇಲೆ ಒಂದು ಕಾಗದ ಬರೆದು ಅವಳ ಸಹಿ ಹಾಕಿಸಿಕೊಂಡ. "ಎಲ್ಲಾ ಮುಗಿದ ಮೇಲೆ ಬಿಟ್ಟುಕೊಡ್ತೀರಲ್ಲಮ್ಮ?" ಅಂತ ಕೇಳಿದ. ಕೊಡ್ತೀನಿ ಅಂದಳು. ತಂದಿದ್ದ ಬೀಗವನ್ನು ಅವಳ ಕೈಗೇ ಕೊಟ್ಟು, "ಹೊರಗೆ ಹೋಗೋವಾಗ ಹಾಕ್ಕೊಳ್ಳಿ, ಹಾವು ಗೀವು ಬರುತ್ತೆ," ಅಂದು ಹೋದ.

ಹುಲಿಯಪ್ಪ ಆ ಮನೆಯಲ್ಲಿ ಇಪ್ಪತ್ತಮೂರು ದಿನ ಇದ್ದ. ಕೊನೆಯ ವಾರ ಗಂಜಿಯೂ ಇಳಿಯಲಿಲ್ಲ. ನೋವಿನ ಮಾತ್ರೆ ಅರೆದು ನೀರಿನಲ್ಲಿ ಕಲಸಿ ಹತ್ತಿಯಲ್ಲಿ ಹಿಂಡಬೇಕಾಗಿತ್ತು. ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಪ್ರಾಣ ಹೋಯಿತು. ಕವನ ಕೆಲಸಕ್ಕೆ ಹೋಗಿದ್ದಳು. ಆ ಎಂಟು ಕಟ್ಟಡದಲ್ಲಿ ಯಲ್ಲಮ್ಮನ ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ. ನನಗೆ ಫೋನು ಬಂದಾಗ ನಾನು ಐದನೇ ಕ್ಲಾಸಿನಲ್ಲಿದ್ದೆ. "ಮೇಡಂ, ಆಯ್ತು," ಅಂದಳು, ಅಷ್ಟೆ. ಹಿಂದುಗಡೆ ಯಾವ ಅಳುವೂ ಕೇಳಲಿಲ್ಲ.

ನಾನು ಹೋಗುವಷ್ಟರಲ್ಲಿ ಧರ್ಮೇಂದ್ರ ನಾಲ್ಕು ಜನರನ್ನು ಹತ್ತಿಸಿಕೊಂಡು ಬಂದಿದ್ದ. ಕವನ ಅಂಗಡಿಯ ಸಮವಸ್ತ್ರದಲ್ಲೇ ಸೈಕಲ್ಲಿನಲ್ಲಿ ನೀರು ತರುತ್ತಿದ್ದಳು, ಅಪ್ಪನ ಮೈ ತೊಳೆಯಲಿಕ್ಕೆ. ಮಧ್ಯಾಹ್ನದ ಹೊತ್ತಿಗೆ ಭದ್ರಾವತಿಯಿಂದ ಹದಿನೈದಿಪ್ಪತ್ತು ಜನ ಬಂದರು. ಹಾಲಿನ ನಡುವೆ ಹುಲಿಯಪ್ಪನನ್ನು ಕೂರಿಸಿ ಹಾರ ಹಾಕಿದ್ದರು. ಮೂರ್ತಪ್ಪ ಬಾಗಿಲ ಹೊರಗೇ ನಿಂತಿದ್ದ. ಬಾಯಿಗೆ ಟವೆಲ್ ಅದುಮಿಕೊಂಡು ಬಿಕ್ಕುತ್ತಿದ್ದ. ಯಲ್ಲಮ್ಮ ಎದ್ದು ಹೋಗಿ ಅವನ ಕೈ ಹಿಡಿದು ಒಳಗೆ ತಂದಳು.

"ಬಾಯಿ ಬಿಟ್ಟು ಅಳು ಅಣ್ಣ," ಅಂದಳು. "ಇಲ್ಲಿ ಯಾರೂ ಬಂದು ಕೇಳಲ್ಲ."

ಆಮೇಲೆ ಅವಳೂ ಅತ್ತಳು. ಎಲ್ಲರೂ ಅತ್ತರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಹೋಗುವಾಗ ಸೀರೆಯ ಬೆನ್ನೆಲ್ಲ ಮರಳಾಗಿತ್ತು.

ಹನ್ನೊಂದನೇ ದಿನದ ಕಾರ್ಯ ಅಲ್ಲೇ ಮಾಡಿ, ಮನೆ ತೊಳೆದು, ಯಲ್ಲಮ್ಮ ಕಚೇರಿಗೆ ಹೋಗಿ ಬೀಗದ ಕೈ ಕೊಟ್ಟಳು. ಯೋಗೇಶ್ ಆ ಕಾಗದವನ್ನು ಅವಳೆದುರೇ ಹರಿದುಹಾಕಿದನಂತೆ. ವೀರಪ್ಪನವರು ಮಾತಿಗೆ ತಪ್ಪದೆ ಹಿಂದಿನ ರೂಮು ಹಾಗೇ ಇಟ್ಟಿದ್ದರು. ಅಮ್ಮ ಮಗಳು ಅಲ್ಲಿಗೇ ವಾಪಸು ಹೋದರು. ಮರಣ ಪತ್ರ ಮಾಡಿಸುವಾಗ ಇನ್ನೊಂದು ತೊಡಕು. ಸತ್ತ ಜಾಗದ ವಿಳಾಸ ಬೇಕು. ಆ ಮನೆಗೆ ನಂಬರೇ ಇಲ್ಲ. ನಂಬರಿಲ್ಲದ ಮನೆಯಲ್ಲಿ ಸತ್ತ ಅಂತ ಬರೆಯಲು ಬರುವುದಿಲ್ಲ ಅಂದರು. ಮೂರು ವಾರ ಅಲೆದು, ಕೊನೆಗೆ ಅವಳು ವೀರಪ್ಪನವರ ಮುಂದೆ ನಿಂತಳು. "ಕಾಗದದ ಮೇಲೆ ತಾನೆ? ನಮ್ಮನೆ ವಿಳಾಸ ಬರೆಸು, ಅದಕ್ಕೇನಂತೆ," ಅಂದು ಅವರು ಕರೆಂಟ್ ಬಿಲ್ಲಿನ ಜೆರಾಕ್ಸ್ ಕೊಟ್ಟರು. ಹಾಗಾಗಿ ದಾಖಲೆ ಪ್ರಕಾರ ಹುಲಿಯಪ್ಪ ತೀರಿಕೊಂಡಿದ್ದು ಗೋಪಾಳದ ವೀರಪ್ಪನವರ ಮನೆಯಲ್ಲಿ.

ಹದಿನಾಲ್ಕು ತಿಂಗಳ ಮೇಲೆ ಲಾಟರಿ ಎತ್ತಿದರು. ನಾನೂ ಜೊತೆಗೆ ಹೋಗಿದ್ದೆ. ಯಲ್ಲಮ್ಮನಿಗೆ ಬಂದದ್ದು ಆರನೇ ಕಟ್ಟಡದ ಮೂರನೇ ಮಹಡಿ. ಹುಲಿಯಪ್ಪ ಇದ್ದ ನೆಲಮಹಡಿಯ ಮನೆ ಲೋಹಿತ್ ಅನ್ನುವ ಗ್ಯಾರೇಜ್ ಹುಡುಗನ ಹೆಂಡತಿ ಸೌಂದರ್ಯಳ ಹೆಸರಿಗೆ ಬಂತು. ಯಲ್ಲಮ್ಮನ ಮಂಡಿ ಸವೆದಿದೆ. ಶಾಲೆಯಲ್ಲಿ ಅಕ್ಕಿ ಮೂಟೆ ಎತ್ತಿ ಎತ್ತಿ ಆದದ್ದು. ಮೂರು ಮಹಡಿ ಹತ್ತೋದು ಹೇಗೆ ಅಂತ ಕೇಳಿದ್ದಕ್ಕೆ ಮೇಜಿನ ಹಿಂದಿದ್ದವರು, "ಲಾಟರಿ ಅಂದ್ಮೇಲೆ ಲಾಟರಿ ಅಮ್ಮ," ಅಂದರು.

ಮನೆಗೆ ಬಂದು ಹಾಲು ಉಕ್ಕಿಸಿದ ಮೂರನೇ ದಿನ ಸೌಂದರ್ಯ ಹತ್ತಿ ಬಂದಳಂತೆ. ಸೊಂಟದಲ್ಲಿ ಎಂಟು ತಿಂಗಳ ಮಗು. ಯಾರೋ ಅವಳಿಗೆ ಹೇಳಿದ್ದರು.

"ಅಕ್ಕಾ, ನಮ್ಮನೇಲಿ ಒಬ್ರು ತೀರ್ಕೊಂಡಿದಾರಂತೆ, ನಿಜವಾ?"

"ನಿಜ. ನಮ್ಮೆಜಮಾನ್ರು."

"ಎಲ್ಲಿ?"

ಯಲ್ಲಮ್ಮ ಕಂಬಿ ಹಿಡಿದು ಇಳಿದು ಹೋಗಿ ತೋರಿಸಿದಳು. "ಇಲ್ಲಿ. ಕಿಟಕಿ ಕೆಳಗೆ."

"ನರಳಿದ್ರಾ ಅಕ್ಕ?"

"ನರಳಿದ್ರು. ಯಾಕೆ ಸುಳ್ಳು ಹೇಳ್ಲಿ. ಬೇಡ ಅನ್ಸಿದ್ರೆ ನನ್ ಮನೆ ತಗೋ, ನಾನಿಲ್ಲಿ ಇರ್ತೀನಿ. ನಂಗೂ ಹತ್ತೋದು ತಪ್ಪುತ್ತೆ."

ಇಬ್ಬರೂ ಕೂಡಿ ಕಚೇರಿಗೆ ಹೋದರು. ಹಂಚಿಕೆಯಾದ ಮನೆ ಅದಲುಬದಲು ಮಾಡುವ ಹಾಗಿಲ್ಲ, ಮಾಡಿದರೆ ಇಬ್ಬರದೂ ರದ್ದು ಅಂದರು. ಬರುವಾಗ ಬಸ್ಸಿನಲ್ಲಿ ಸೌಂದರ್ಯ ಮಗುವಿಗೆ ಹಾಲು ಕುಡಿಸುತ್ತಾ ಹೇಳಿದಳಂತೆ: "ಬಿಟ್ರೆ ಮತ್ತೆ ಬಾಡಿಗೆ ಮನೆ. ಅಲ್ಲಿ ಯಾರ್ಯಾರು ಸತ್ತಿರ್ತಾರೋ ಯಾರು ಹೇಳ್ತಾರೆ? ಇಲ್ಲಿ ನೀವಾದ್ರೂ ಇದ್ದದ್ದು ಇದ್ದಂಗೆ ಹೇಳಿದ್ರಿ." ಅವರು ಅಲ್ಲೇ ಉಳಿದರು. ತೊಟ್ಟಿಲನ್ನು ಒಳಗಿನ ರೂಮಿನಲ್ಲಿ ಕಟ್ಟಿದರು.

ಕಳೆದ ತಿಂಗಳು ನಾನು ಹೋಗಿದ್ದೆ. ನೀರು ಎರಡು ದಿನಕ್ಕೊಮ್ಮೆ ಬರುತ್ತದೆ, ಒಂದನೇ ಮಹಡಿಯಿಂದ ಮೇಲೆ ಏರುವುದಿಲ್ಲ. ಕವನ ಎರಡು ಬಸ್ಸು ಬದಲಾಯಿಸಿ ಅಂಗಡಿಗೆ ಹೋಗಬೇಕು, ಹಾಗಾಗಿ ನೀರು ಹೊರುವುದು ಯಲ್ಲಮ್ಮನೇ. ಎರಡು ಕೊಡ ಹೊತ್ತು ಬಂದರೆ ಒಂದು ತಾಸು ಕೂರಬೇಕಾಗುತ್ತದೆ. ಬೆಳಗಿನ ಬಸ್ಸು ಸಿಗದೆ ಅವಳು ಶಾಲೆಯ ಅಡುಗೆ ಬಿಟ್ಟಿದ್ದಾಳೆ. ಮಂಡಿಗೆ ಎಣ್ಣೆ ಸವರಿಕೊಳ್ಳುತ್ತಾ ಕೂತಿದ್ದಳು. ಗೋಡೆಗೆ ಇನ್ನೂ ಬಣ್ಣವಿರಲಿಲ್ಲ.

"ಕಾಫಿ ಮಾಡ್ತೀನಿ ಮೇಡಂ, ಕೂತ್ಕೊಳ್ಳಿ," ಅಂದಳು.

ಬೇಡ ಅಂದೆ. ಕೊಡದಲ್ಲಿ ನೀರು ಎಷ್ಟಿದೆ ಅಂತ ಬರುವಾಗಲೇ ನೋಡಿದ್ದೆ.

"ಕೂತ್ಕೊಳ್ಳಿ ಅಂದ್ನಲ್ಲ," ಅಂದು ಅವಳು ಗೋಡೆ ಹಿಡಿದು ಎದ್ದಳು.